ಸ್ಪೀಡ್ ಟೆಸ್ಟ್ ಸುಳ್ಳು ಎನ್ನುವವರಿಗೆ

ಮನೆಯ ನೆಟ್ ನಿಧಾನವಾಗಿದೆ ಎಂದು ಗೊಣಗುವವರಿಗೆ ನಾನು ಹೇಳುವುದು ಒಂದೇ ಮಾತು: ಬೈಯುವ ಮೊದಲು ಅಳೆಯಿರಿ, ಅಳೆಯುವಾಗ ಏನನ್ನು ಅಳೆಯುತ್ತಿದ್ದೀರಿ ಎಂಬುದು ಗೊತ್ತಿರಲಿ. ಇಷ್ಟಕ್ಕೇ ಎರಡೂ ಕಡೆಯವರು ಮೇಲೆ ಬೀಳುತ್ತಾರೆ. ಗ್ರಾಹಕರಿಗೆ ಟೆಸ್ಟಿನ ಮೇಲೆ ನಂಬಿಕೆಯಿಲ್ಲ, ಕನೆಕ್ಷನ್ ಕೊಟ್ಟವರಿಗೆ ಗ್ರಾಹಕರು ಅಳೆಯುವುದೇ ಇಷ್ಟವಿಲ್ಲ.

"ನೂರು ಎಂಬಿ ಪ್ಲ್ಯಾನ್ ಹಾಕಿಸಿದ್ದೇನೆ, ಡೌನ್‌ಲೋಡ್ ಹನ್ನೆರಡು ದಾಟುವುದಿಲ್ಲ, ಹಗಲುದರೋಡೆ" ಎನ್ನುವವರಿಗೆ ಉತ್ತರ ಸುಲಭ. ಪ್ಲ್ಯಾನಿನ 100 ಎಂದರೆ ಮೆಗಾಬಿಟ್, ಡೌನ್‌ಲೋಡಿನಲ್ಲಿ ಕಾಣುವ 12 ಎಂದರೆ ಮೆಗಾಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ನೂರನ್ನು ಎಂಟರಿಂದ ಭಾಗಿಸಿದರೆ 12.5. ದತ್ತಾಂಶದ ಜೊತೆ ವಿಳಾಸ, ಲೆಕ್ಕಪತ್ರಗಳೂ ಸಾಗಬೇಕಾದ್ದರಿಂದ ಅದರಲ್ಲೂ ಚೂರು ಕಡಿತ. ಹನ್ನೆರಡು ಬರುತ್ತಿದ್ದರೆ ನಿಮ್ಮ ದುಡ್ಡಿಗೆ ಮೋಸವಾಗಿಲ್ಲ.

ಎರಡನೆಯ ಆಕ್ಷೇಪದಲ್ಲಿ ಹುರುಳಿದೆ. "ಟೆಸ್ಟಿನಲ್ಲಿ ನೂರು ತೋರಿಸುತ್ತದೆ, ವಿಡಿಯೊ ಮಾತ್ರ ಸುತ್ತುತ್ತಲೇ ಇರುತ್ತದೆ. ಟೆಸ್ಟೇ ಮೋಸ." ಊಕ್ಲಾದ ಸ್ಪೀಡ್‌ಟೆಸ್ಟ್ ತಾನಾಗಿ ಆರಿಸುವುದು ಹತ್ತಿರದ ಸರ್ವರನ್ನು. ಎಷ್ಟೋ ಸಲ ಅದು ನಿಮಗೆ ಕನೆಕ್ಷನ್ ಕೊಟ್ಟ ಕಂಪನಿಯ ಜಾಲದ ಒಳಗೇ ಇರುತ್ತದೆ. ಅಂಗಡಿಯವನ ಸಾಮಾನನ್ನು ಅವನ ತಕ್ಕಡಿಯಲ್ಲೇ ತೂಗಿದ ಹಾಗೆ. ಆದರೆ ಅದರಿಂದ ಟೆಸ್ಟ್ ಸುಳ್ಳಾಗುವುದಿಲ್ಲ. ನಿಮ್ಮ ಮನೆಯಿಂದ ಕಂಪನಿಯವರೆಗಿನ ದಾರಿ ಚೆನ್ನಾಗಿದೆ ಎಂದಷ್ಟೇ ಅದು ಹೇಳುತ್ತಿದೆ. ಅಲ್ಲಿಂದಾಚೆಗಿನ ಸುದ್ದಿ ಬೇಕಿದ್ದರೆ ಸರ್ವರ್ ಬದಲಿಸಿ: ಬೆಂಗಳೂರು ಬಿಟ್ಟು ಮುಂಬೈ, ಚೆನ್ನೈ, ಸಿಂಗಪುರ ಆರಿಸಿ. ನೆಟ್‌ಫ್ಲಿಕ್ಸ್ 2016ರಲ್ಲಿ ಶುರುಮಾಡಿದ ಫಾಸ್ಟ್ ಡಾಟ್ ಕಾಮ್ ಅದೇ ಕಂಪನಿಯ ಸರ್ವರುಗಳಿಂದ ಅಳೆಯುತ್ತದೆ, ಅದನ್ನೂ ನೋಡಿ. ಬೆಳಿಗ್ಗೆ ಆರಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ ಅಳೆಯಿರಿ. ಊರೆಲ್ಲ ಸಿನಿಮಾ ನೋಡುವ ಹೊತ್ತಿಗೆ ಮಾತ್ರ ದಿನವೂ ಕುಸಿಯುತ್ತಿದ್ದರೆ ದಟ್ಟಣೆಯ ಅನುಮಾನ ಬಲವಾಗುತ್ತದೆ. ಫೈಬರ್ ಎಂದರೆ ನಿಮಗೊಬ್ಬರಿಗೇ ಎಳೆದ ಎಳೆ ಎಂದುಕೊಳ್ಳಬೇಡಿ. ಮನೆಗಳಿಗೆ ಸಾಮಾನ್ಯವಾಗಿ ಬಳಸುವ ಜಿಪಾನ್ ವ್ಯವಸ್ಥೆಯಲ್ಲಿ ಸುಮಾರು 2.5 ಗಿಗಾಬಿಟ್‌ನ ಒಂದೇ ಎಳೆಯನ್ನು 32, ಕೆಲವೆಡೆ 64 ಮನೆಗಳಿಗೆ ಹಂಚಿರುತ್ತಾರೆ.

ಇನ್ನು ರಿಪೇರಿಗೆ ಬಂದವರ ಸಿದ್ಧ ಉತ್ತರ: "ನಮ್ಮ ಲೈನ್ ಸರಿ ಇದೆ ಸಾರ್, ನಿಮ್ಮ ವೈಫೈ ಪ್ರಾಬ್ಲಮ್ಮು." ಬೇಸರದ ಸಂಗತಿಯೆಂದರೆ ಎಷ್ಟೋ ಸಲ ಇದು ನಿಜ. ಮನೆ ಕಟ್ಟುವಾಗ ಯಾರೂ ರೌಟರಿಗೆ ಜಾಗ ಯೋಚಿಸಿರುವುದಿಲ್ಲ; ಕೇಬಲ್ ಎಳೆಯಲು ಬಂದವರು ಎಲ್ಲಿ ತೂತು ಕೊರೆದರೋ ಅಲ್ಲೇ, ಚಪ್ಪಲಿ ಸ್ಟ್ಯಾಂಡಿನ ಮೇಲೋ ಟಿವಿಯ ಹಿಂದೆಯೋ ಅದರ ವಾಸ. ಅದರ 5 ಗಿಗಾಹರ್ಟ್ಸ್ ಸಿಗ್ನಲ್ ವೇಗದ್ದು, ಆದರೆ ಎರಡು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. 2.4 ಗಿಗಾಹರ್ಟ್ಸ್ ಗೋಡೆ ದಾಟುತ್ತದೆ, ಆದರೆ ಅಲ್ಲಿ ಒಂದನ್ನೊಂದು ತುಳಿಯದ ಚಾನೆಲ್ಲುಗಳು ಮೂರೇ ಮೂರು. ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕ, ಮೇಲೆ ಕೆಳಗಿನ ಮನೆಗಳೆಲ್ಲ ಆ ಮೂರಕ್ಕೇ ಜೋತುಬಿದ್ದಿರುತ್ತವೆ.

ಹಾಗೆಂದು ಅವರ ಮಾತಿಗೆ ತಲೆಯಾಡಿಸಿ ಕಳಿಸಬೇಕಿಲ್ಲ. ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್ಲಿನಿಂದ ನೇರ ರೌಟರಿಗೆ ಜೋಡಿಸಿ, ಮನೆಯ ಬೇರೆಲ್ಲ ಫೋನು, ಟಿವಿಗಳ ವೈಫೈ ಆರಿಸಿ ಅವರ ಎದುರಿಗೇ ಅಳೆಯಿರಿ. ಕೇಬಲ್ಲಿನಲ್ಲಿ ಪೂರ್ತಿ ಬಂದು ಫೋನಿನಲ್ಲಿ ಬಾರದಿದ್ದರೆ ಅವರು ಗೆದ್ದರು, ರೌಟರನ್ನು ಮನೆಯ ನಡುವಿಗೆ ತನ್ನಿ. ಕೇಬಲ್ಲಿನಲ್ಲೂ ಬಾರದಿದ್ದರೆ ವೈಫೈ ಕಥೆ ಅಲ್ಲಿಗೆ ಮುಗಿಯಿತು. ಒಂದು ಅಂಕಿಯ ಮೇಲೆ ಮಾತ್ರ ವಿಶೇಷ ಕಣ್ಣಿಡಿ: 300ರ ಪ್ಲ್ಯಾನ್ ಇದ್ದೂ ಪ್ರತಿ ಸಲ 94ರ ಆಸುಪಾಸಿನಲ್ಲೇ ನಿಂತರೆ, ದಾರಿಯಲ್ಲೆಲ್ಲೋ ನೂರು ಮೆಗಾಬಿಟ್‌ನ ಪೋರ್ಟ್ ಇದೆ, ಇಲ್ಲವೇ ಲ್ಯಾನ್ ಕೇಬಲ್ಲಿನ ಎಂಟು ತಂತಿಗಳಲ್ಲಿ ಕೆಲವು ಕೂಡಿಲ್ಲ. ಆ ಪೋರ್ಟ್ ಇರುವುದು ಕಂಪನಿಯೇ ಕೊಟ್ಟ ರೌಟರಿನಲ್ಲಾದರೆ ತಪ್ಪು ಯಾರದೆಂದು ಕೇಳುವ ಹಕ್ಕು ನಿಮಗಿದೆ.

"ಸ್ಲೋ ಅನಿಸಿದರೆ ದೊಡ್ಡ ಪ್ಲ್ಯಾನಿಗೆ ಹೋಗಿ" ಎಂಬ ಸಲಹೆ ಮಾರುವವರಿಗೆ ಲಾಭ. ನೆಟ್‌ಫ್ಲಿಕ್ಸ್ ತನ್ನ 4ಕೆ ಚಿತ್ರಕ್ಕೇ ಕೇಳುವುದು 15 ಮೆಗಾಬಿಟ್. ನಿಮ್ಮ ಮೀಟಿಂಗಿನಲ್ಲಿ ಮುಖ ಸ್ತಬ್ಧವಾಗುತ್ತಿದ್ದರೆ ನೋಡಬೇಕಾದ್ದು ಪಿಂಗ್, ಅಂದರೆ ಸಂದೇಶ ಹೋಗಿ ಬರಲು ಹಿಡಿಯುವ ಮಿಲಿಸೆಕೆಂಡು. ಸುಮ್ಮನಿದ್ದಾಗ 5 ಇರುವ ಪಿಂಗ್, ಮಗಳು ಫೋಟೊ ಅಪ್‌ಲೋಡ್ ಮಾಡಲು ಕೂತ ಕೂಡಲೇ 300ಕ್ಕೆ ಏರಿದರೆ, ರೌಟರಿನಲ್ಲಿ ಸಂದೇಶಗಳು ಸರದಿಯಲ್ಲಿ ಕೊಳೆಯುತ್ತಿವೆ. ಡೌನ್‌ಲೋಡ್ ಮಾತ್ರ ಹೆಚ್ಚಿಸಿ ಅಪ್‌ಲೋಡನ್ನು ಇದ್ದಲ್ಲೇ ಬಿಡುವ ಪ್ಲ್ಯಾನಿನಿಂದ ಈ ಸರದಿ ಕರಗುವುದಿಲ್ಲ. ಸರದಿಯನ್ನು ನಿಭಾಯಿಸುವ ಸೌಲಭ್ಯವಿರುವ ರೌಟರಿನಿಂದ ಕರಗುತ್ತದೆ. ಕ್ಲೌಡ್‌ಫ್ಲೇರ್‌ನ ಟೆಸ್ಟ್ ಈ ಎರಡು ಪಿಂಗ್‌ಗಳನ್ನೂ ಬೇರೆಬೇರೆಯಾಗಿ ತೋರಿಸುತ್ತದೆ.

ಕಡೆಯದು ನಿರಾಶಾವಾದಿಗಳ ಮಾತು: "ಅಳೆದು ಏನು ಮಾಡುವುದು, ಕೇಳುವವರು ಯಾರು?" ಸರ್ಕಾರದ ವ್ಯಾಖ್ಯೆಯನ್ನು ನಂಬಿಕೊಂಡರೆ ಕಷ್ಟವೇ. 2023ರಲ್ಲಿ ಬ್ರಾಡ್‌ಬ್ಯಾಂಡಿನ ಕನಿಷ್ಠ ವೇಗ 512 ಕಿಲೋಬಿಟ್‌ನಿಂದ 2 ಮೆಗಾಬಿಟ್‌ಗೆ ಏರಿತು. ನೂರಕ್ಕೆ ದುಡ್ಡು ಕೊಟ್ಟು ಮೂರು ಬಂದರೂ ಅದು ಬ್ರಾಡ್‌ಬ್ಯಾಂಡೇ. ಆದ್ದರಿಂದ ವಾದ ಮಾಡಬೇಕಾದ್ದು ನೀವು ಕೊಂಡ ಪ್ಲ್ಯಾನಿನ ಮೇಲೆ. ಕೇಬಲ್ಲಿನಲ್ಲಿ ಅಳೆದ ಫಲಿತಾಂಶವನ್ನು ದಿನಾಂಕ, ವೇಳೆ, ಸರ್ವರಿನ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟು ಕಂಪನಿಯ ದೂರು ಕೇಂದ್ರಕ್ಕೆ ದೂರು ಕೊಡಿ, ಡಾಕೆಟ್ ನಂಬರ್ ಬರೆದುಕೊಳ್ಳಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್‌ನ 2012ರ ನಿಯಮಾವಳಿಯಂತೆ ಅದಕ್ಕೆ ಶುಲ್ಕವಿಲ್ಲ. ನೇರ ಟ್ರಾಯ್‌ಗೆ ಬರೆದು ಕಾಯುತ್ತ ಕೂರಬೇಡಿ, ಒಬ್ಬೊಬ್ಬ ಗ್ರಾಹಕರ ದೂರನ್ನು ಅದು ವಿಚಾರಣೆಗೆ ತೆಗೆದುಕೊಳ್ಳುವುದಿಲ್ಲ.