ಬೀಗದಕೈ ಬಾಗಿಲಿಗಷ್ಟೇ ಸಾಕು

ನಮ್ಮತ್ತೆಗೆ ಎಡಭಾಗಕ್ಕೆ ಲಕ್ವ ಹೊಡೆದು ಎಂಟು ತಿಂಗಳಾಗಿತ್ತು. ಗೋಡೆ ಹಿಡಿದು ಹಿತ್ತಿಲವರೆಗೆ ನಡೆಯುವಷ್ಟು ಚೇತರಿಸಿಕೊಂಡಿದ್ದರು. ಒಂದು ಬೆಳಿಗ್ಗೆ ಎಡಗೈ ಅದುರತೊಡಗಿತು. ನೋಡನೋಡುತ್ತ ಮೈಯೆಲ್ಲ ಸೆಟೆದು ಪ್ರಜ್ಞೆ ತಪ್ಪಿತು. ನೆರೆಯವರು ಓಡಿಬಂದರು. ಒಬ್ಬರು ಮೂಗಿಗೆ ಈರುಳ್ಳಿ ಹಿಡಿದರು, ಇನ್ನೊಬ್ಬರು ಹಲ್ಲುಗಳ ನಡುವೆ ಚಮಚ ತುರುಕಿದರು. ಬಿ.ಎ., ಬಿ.ಎಡ್. ಓದಿದ ನಾನೇ ಕಬ್ಬಿಣದ ಬೀಗದಕೈ ಹುಡುಕಿ ತಂದುಕೊಟ್ಟೆ! ಫಿಟ್ಸ್ ಎರಡು ನಿಮಿಷಕ್ಕೆ ತಾನಾಗಿ ನಿಂತಿತು. ಹೆಸರು ಬಂದದ್ದು ಬೀಗದಕೈಗೆ. ಅತ್ತೆಗೆ ಉಳಿದದ್ದು ಮುರಿದ ಹಲ್ಲು.

ಇದು ಗಾಳಿಯೂ ಅಲ್ಲ, ಗ್ರಹಚಾರವೂ ಅಲ್ಲ. ಲಕ್ವ ಮಿದುಳಿನಲ್ಲಿ ಗಾಯದ ಕಲೆ ಬಿಟ್ಟುಹೋಗುತ್ತದೆ. ಅದರ ಸುತ್ತಲಿನ ನರಕೋಶಗಳಲ್ಲಿ ವಿದ್ಯುತ್ತಿನ ಹರಿವು ಹದತಪ್ಪಿದಾಗ ಫಿಟ್ಸ್ ಬರುತ್ತದೆ. ಮೊದಲ ವಾರದಲ್ಲೇ ಬರಬಹುದು, ವರ್ಷಗಳ ಮೇಲೂ ಬರಬಹುದು. ಕೈಯೊಳಗಿನ ಕಬ್ಬಿಣ ಅದಕ್ಕೇನು ಮಾಡೀತು?

ಅಕ್ಕತಂಗಿಯರೇ, ಕೈಕಾಲು ಅದುಮಿ ಹಿಡಿಯಬೇಡಿ. ಮಗ್ಗುಲಿಗೆ ಹೊರಳಿಸಿ, ಕುತ್ತಿಗೆಯ ಬಿಗಿ ಸಡಿಲಿಸಿ, ಗಡಿಯಾರ ನೋಡಿ. ಪೂರ್ತಿ ಎಚ್ಚರವಾಗುವತನಕ ಬಾಯಿಗೆ ನೀರೂ ಬೇಡ. ಮೊದಲ ಸಲ ಬಂದದ್ದಾದರೆ, ಇಲ್ಲವೆ 5 ನಿಮಿಷ ದಾಟಿದರೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

“ನಡೆಸಿದ್ದಕ್ಕೇ ಹೀಗಾಯಿತು, ಇನ್ನು ಮಲಗಿಸಿಬಿಡಿ” ಎಂದರು ನೆಂಟರು. ಮಲಗಿಸಿದ್ದರೆ ಅತ್ತೆ ಮತ್ತೆ ಏಳುತ್ತಿರಲಿಲ್ಲ. ವೈದ್ಯರ ಮಾತಿನಂತೆ ಮಾತ್ರೆ ಒಂದು ಹೊತ್ತೂ ತಪ್ಪಿಸಲಿಲ್ಲ, ವ್ಯಾಯಾಮ ಬಿಡಲಿಲ್ಲ. ಫಿಟ್ಸ್ ಬರಲಿಲ್ಲವೆಂದು ನಾವಾಗಿ ಮಾತ್ರೆ ನಿಲ್ಲಿಸಲೂ ಇಲ್ಲ. ಈಗ ಅವರು ಕೋಲೂರಿಕೊಂಡು ತುಳಸಿಕಟ್ಟೆಗೆ ತಾವೇ ಹೋಗುತ್ತಾರೆ. ಬೀಗದಕೈ ಮೊಳೆಯಲ್ಲೇ ತೂಗುತ್ತಿದೆ.