ಸಹಿ ಹಾಕಿ ಕೈಯೆತ್ತುವವರಿಗೆ ಇಷ್ಟು ಸಲೀಸೇಕೆ?

ರಾಜಿ ಪತ್ರಕ್ಕೆ ಸಹಿ ಹಾಕಿದ ಮೇಲೂ ಉಲ್ಟಾ ಹೊಡೆಯುವುದು ನಮ್ಮಲ್ಲಿ ಇಷ್ಟು ಸುಲಭವಾಗಿದ್ದರೆ ಅದರ ಹೊಣೆಯನ್ನು ಕೇಂದ್ರ ಸರ್ಕಾರವೂ ಹೊರಬೇಕು. ಮಧ್ಯಸ್ಥಿಕೆ ಕಾಯ್ದೆಗೆ ಸಂಸತ್ತು 2023ರಲ್ಲೇ ಒಪ್ಪಿಗೆ ಕೊಟ್ಟಿತು. ಮಧ್ಯಸ್ಥಿಕೆಯಲ್ಲಾದ ಒಪ್ಪಂದವೇ ಅಂತಿಮ, ಕೋರ್ಟಿನ ಡಿಕ್ರಿಯಂತೆ ಅದನ್ನು ಜಾರಿ ಮಾಡಿಸಬಹುದು ಎನ್ನುತ್ತದೆ ಅದರ 27ನೇ ಸೆಕ್ಷನ್. ಆದರೆ ಆ ವರ್ಷದ ಅಕ್ಟೋಬರ್ 9ರಂದು ಜಾರಿಗೆ ತಂದ ಸೆಕ್ಷನ್‌ಗಳ ಪಟ್ಟಿಯಲ್ಲಿ 27 ಇರಲಿಲ್ಲ. 2025ರ ಜುಲೈನಲ್ಲಿ ‘ರಾಷ್ಟ್ರಕ್ಕಾಗಿ ಮಧ್ಯಸ್ಥಿಕೆ’ ಎಂಬ 90 ದಿನಗಳ ಅಭಿಯಾನ ಆರಂಭವಾದಾಗಲೂ ಅದು ಜಾರಿಯಾಗಿರಲಿಲ್ಲ.

ಇದರ ಪೆಟ್ಟು ಯಾರಿಗೆ ಬೀಳುತ್ತದೆ? ಅಣ್ಣತಮ್ಮಂದಿರ ಪಾಲಿನ ಜಗಳವನ್ನೇ ತೆಗೆದುಕೊಳ್ಳಿ. ಮನೆ ತಮ್ಮನಿಗೆ, ಅಣ್ಣನಿಗೆ ಮೂರು ಕಂತಿನಲ್ಲಿ ಹಣ ಎಂದು ರಾಜಿಯಾಗುತ್ತದೆ. ಮೊದಲ ಕಂತು ಬರುತ್ತದೆ, ಎರಡನೆಯ ಚೆಕ್ ಬೌನ್ಸ್ ಆಗುತ್ತದೆ. ಮೂರನೆಯದರ ಹೊತ್ತಿಗೆ ತಮ್ಮ, ‘ನನಗೆ ಒತ್ತಾಯ ಮಾಡಿ ಸಹಿ ಹಾಕಿಸಿದರು’ ಎನ್ನುತ್ತಾನೆ. ದಾವೆ ಕೋರ್ಟಿನಲ್ಲಿದ್ದು, ಅಲ್ಲಿಂದಲೇ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರದಂಥ ಕಡೆಗೆ ಹೋಗಿ ರಾಜಿಯಾಗಿದ್ದರೆ ಅಣ್ಣ ಬಚಾವ್. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 23, ನಿಯಮ 3ರಡಿ ನ್ಯಾಯಾಧೀಶರು ಅದನ್ನು ದಾಖಲಿಸಿ ರಾಜಿ ಡಿಕ್ರಿ ಕೊಟ್ಟಿರುತ್ತಾರೆ. ಅಮಲ್ಜಾರಿ ಅರ್ಜಿ ಹಾಕಿ ಆಸ್ತಿ ಜಪ್ತಿ ಮಾಡಿಸಬಹುದು, ಹರಾಜಿಗೂ ತರಬಹುದು.

ಕೋರ್ಟು ಮೆಟ್ಟಿಲೇರದೆ ಬಗೆಹರಿಸಿಕೊಂಡ ಅಣ್ಣನ ಗತಿ ಬೇರೆ. ಅವನ ಕೈಯಲ್ಲಿರುವ ಕಾಗದ ಬರೀ ಕರಾರಾಗಿ ಉಳಿಯಬಹುದು. ಹಾಗಾದರೆ ಮತ್ತೆ ದಾವೆ, ಮತ್ತೆ ಕೋರ್ಟ್ ಶುಲ್ಕ, ಮತ್ತೆ ಸಾಕ್ಷಿ, ಮತ್ತೆ ವಾಯಿದೆ. ಯಾವ ಅಲೆದಾಟ ಬೇಡವೆಂದು ರಾಜಿಗೆ ಕೂತನೋ ಅದೇ ಅಲೆದಾಟ.

3 ಲಕ್ಷ ರೂಪಾಯಿ ಮತ್ತು ಅದಕ್ಕೂ ಮೇಲಿನ ವಾಣಿಜ್ಯ ವ್ಯಾಜ್ಯಗಳಿಗೆ ಈ ಪಾಡಿಲ್ಲ. ದಾವೆಗೆ ಮುನ್ನ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯಡಿ ಆಗುವ ರಾಜಿಗೆ ಆರ್ಬಿಟ್ರೇಷನ್ (ಪಂಚಾಟ) ತೀರ್ಪಿನ ಬಲ 2018ರಲ್ಲೇ ಸಿಕ್ಕಿದೆ. ವ್ಯಾಪಾರಿಗೆ ಸಲ್ಲುವುದು ಮನೆ ಬಾಡಿಗೆಯವನಿಗೆ, ಒಡಹುಟ್ಟಿದವರಿಗೆ ಏಕೆ ಸಲ್ಲಬಾರದು?

ಬಲವಂತದ ಸಹಿಗಳೂ ಇರುತ್ತವೆ ಎಂಬ ಆಕ್ಷೇಪ ಸುಳ್ಳಲ್ಲ. ಬಡವರು, ಹೆಂಗಸರು ದಾಕ್ಷಿಣ್ಯಕ್ಕೆ ಬಿದ್ದು ಒಪ್ಪಿಬಿಡುತ್ತಾರೆ. ಮೋಸ, ಭ್ರಷ್ಟಾಚಾರ, ಬೇರೊಬ್ಬರ ಸೋಗು ಇದ್ದರೆ 90 ದಿನಗಳೊಳಗೆ ಪ್ರಶ್ನಿಸಲು 28ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಬೆದರಿಕೆಯನ್ನೂ ಅದಕ್ಕೆ ಸ್ಪಷ್ಟವಾಗಿ ಸೇರಿಸಲಿ. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಡಿಕ್ರಿಯಾಗುವ ತನಕ ಒಪ್ಪಿಗೆ ಹಿಂಪಡೆಯಬಹುದೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ, ಆ ಹಕ್ಕೂ ಹಾಗೆಯೇ ಇರಲಿ. ಹಣ, ಆಸ್ತಿಯ ಮಾತಿಗೆ ಇಂಥ ಸಡಿಲಿಕೆ ಸಲ್ಲದು.

ಡಿಕ್ರಿ ಸಿಕ್ಕರೂ ಮುಗಿಯಲಿಲ್ಲ. ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳೊಳಗೆ ತೀರ್ಮಾನಿಸಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಆದೇಶಿಸಿತ್ತು. 2025ರ ಅಕ್ಟೋಬರ್‌ನಲ್ಲಿ ಅದರ ಮುಂದೆ ಬಂದ ಲೆಕ್ಕದಂತೆ ದೇಶದಲ್ಲಿ 8.82 ಲಕ್ಷ ಅರ್ಜಿಗಳು ಬಾಕಿಯಿದ್ದವು. ಅಂಕಿಅಂಶ ಒದಗಿಸದ ಕರ್ನಾಟಕ ಹೈಕೋರ್ಟ್ ಅದಕ್ಕೆ ವಿವರಣೆ ಕೊಡಬೇಕಾಗಿ ಬಂತು. ಗೆದ್ದವರು ಎಷ್ಟು ಮಂದಿ ಕಾಯುತ್ತಿದ್ದಾರೆಂದು ತಾಲ್ಲೂಕುವಾರು ಪ್ರಕಟಿಸಲು ಹೈಕೋರ್ಟಿಗೆ ದೆಹಲಿಯ ಸೂಚನೆ ಬೇಕಾಗಿಲ್ಲ. 27ನೇ ಸೆಕ್ಷನ್ನಿಗೆ ಕೇಂದ್ರ ದಿನಾಂಕ ಗೊತ್ತು ಮಾಡಲು ಗೆಜೆಟ್‌ನಲ್ಲಿ ಒಂದು ಅಧಿಸೂಚನೆ ಸಾಕು.