ನನ್ನ ಕಿವಿ, ನನ್ನ ಹಾಡು

'ಈ ವಯಸ್ಸಿನಲ್ಲಿ ಇದೆಂಥ ಕರ್ಕಶ ಸಂಗೀತ ನಿಮ್ಮದು? ಭಾವಗೀತೆ ಕೇಳಬಾರದೆ?' ಎಂದು ಮನೆಗೆ ಬಂದವರು ಮೂಗು ಮುರಿಯುತ್ತಾರೆ. ಭಾವಗೀತೆಯನ್ನೂ ಕೇಳುತ್ತೇನೆ. ಆದರೆ ಬ್ಲ್ಯಾಕ್ ಸಬಾತ್ ತಂಡದ 'ಪ್ಯಾರನಾಯ್ಡ್' ಆಲ್ಬಮ್ಮನ್ನು ಬಿಡಲಾರೆ.

ಇದು ದೆವ್ವದ ಸಂಗೀತ ಎನ್ನುವವರು ಸ್ವಲ್ಪ ಕೇಳಿ. ಈ ತಂಡದ ಗಿಟಾರ್ ವಾದಕ ಟೋನಿ ಅಯೋಮಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ತಗಡಿನ ಕಾರ್ಖಾನೆಗೆ ದುಡಿಯಲು ಹೋಗುತ್ತಿದ್ದ ಹುಡುಗ. 17ನೇ ವಯಸ್ಸಿನಲ್ಲಿ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಎಡಗೈಯಲ್ಲಿ ಮೀಟುವ ಅವನಿಗೆ ತಂತಿ ಒತ್ತಲು ಬಲಗೈಯೇ ಬೇಕು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ತೆಳು ತಂತಿ ಕಟ್ಟಿದ, ಮುಂದೆ ಶ್ರುತಿಯನ್ನೂ ಇಳಿಸಿದ. ನಿಮಗೆ ಕರ್ಕಶವೆನಿಸುವ ಆ ಭಾರವಾದ ನಾದ ಬಂದದ್ದು ಆ ಗಾಯದ ಕೈಯಿಂದ.

1970ರ ಆ ಆಲ್ಬಮ್ಮಿನ ಮೊದಲ ಹಾಡು 'ವಾರ್ ಪಿಗ್ಸ್' ಬೈಯುವುದು ಯಾರನ್ನು? ಬಡವರ ಮಕ್ಕಳನ್ನು ಯುದ್ಧಕ್ಕೆ ಅಟ್ಟಿ ತಾವು ಬೆಚ್ಚಗೆ ಕೂರುವ ದೊಡ್ಡವರನ್ನು. ಇದರಲ್ಲಿ ದೆವ್ವ ಯಾರು, ನೀವೇ ಹೇಳಿ.

ಈ ಲೋಕದಲ್ಲಿ ಹುಳುಕಿಲ್ಲವೆಂದಲ್ಲ. 1980ರ ದಶಕದ ಎಷ್ಟೋ ತಂಡಗಳು ತಮ್ಮ ವೀಡಿಯೋಗಳಲ್ಲಿ ಹೆಣ್ಣನ್ನು ಬರೀ ಗೊಂಬೆಯಾಗಿಸಿದವು. ಅವನ್ನು ನಾನು ಹತ್ತಿರ ಸೇರಿಸುವುದಿಲ್ಲ. ಹಾಗೆಂದು ಇಡೀ ಸಂಗೀತವನ್ನೇ ಗಂಡಸರಿಗೆ ಬಿಟ್ಟುಕೊಡಲೆ?

ಹೆಂಗಸರು ಮೆದು ಹಾಡನ್ನೇ ಕೇಳಬೇಕೆಂದು ಎಲ್ಲಿ ಬರೆದಿದೆ? ನಮಗೂ ಸಿಟ್ಟು ಬರುತ್ತದೆ, ಅದಕ್ಕೂ ಒಂದು ಶ್ರುತಿ ಬೇಕು. ಬೆಳಿಗ್ಗೆ ನಾನು ಮಿಕ್ಸಿ ಹಾಕಿದಾಗ ಗದ್ದಲವೆಂದು ಯಾರೂ ಗೊಣಗುವುದಿಲ್ಲ, ಚಟ್ನಿ ಸಿಗುತ್ತದಲ್ಲ! ನನಗಾಗಿ ನಾನು ಹಾಕಿಕೊಂಡ ಹಾಡು ಮಾತ್ರ ಗದ್ದಲ.